ಸೇಫ್ಟಿ ಶೂಗಳ ಒಳಗೆ ಕಾಲುಂಗುರ

೨೦೦೨ರ ಜೂನ್‌ನಲ್ಲಿ ನಾನು ಪುಣೆಯ ಹತ್ತಿರ ಚಾಕಣದ ಒಂದು ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್ ಆಗಿದ್ದೆ. ವಾಹನಗಳ ಬ್ರೇಕಿಗೆ ಬೇಕಾದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆ. ವೆಲ್‌ಫೇರ್ ಆಫೀಸರ್ ಎಂದರೆ ಕಾರ್ಮಿಕರ ಕ್ಯಾಂಟೀನು, ಕುಡಿಯುವ ನೀರು, ದವಾಖಾನೆ, ಯೂನಿಫಾರ್ಮು, ರಜೆಯ ತಕರಾರು, ಕೊನೆಗೆ ಗಂಡ ಹೆಂಡಿರ ಜಗಳದವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಹುದ್ದೆ. ಈ ಕೊನೆಯದನ್ನು ಕಾನೂನಿನ ಪುಸ್ತಕದಲ್ಲಿ ಯಾರೂ ಬರೆದಿಲ್ಲ, ಆದರೆ ನನ್ನ ಹೆಚ್ಚಿನ ಹೊತ್ತು ಅದಕ್ಕೇ ಹೋಗುತ್ತಿತ್ತು. ನಾನು ವಿಜಾಪುರದವಳು. ಬಾಯಿ ಸ್ವಲ್ಪ ಜೋರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದದ್ದರಲ್ಲಿ ಅದರ ಪಾಲೂ ಇದೆ.

ಆ ವರ್ಷ ನಮ್ಮಲ್ಲಿ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಶಾಪ್ ಫ್ಲೋರಿಗೆ, ಅಂದರೆ ಯಂತ್ರಗಳಿರುವ ಅಂಗಳಕ್ಕೆ, ತೆಗೆದುಕೊಂಡರು. ಒಟ್ಟು ಇಪ್ಪತ್ತೆರಡು ಜನ. ಅವರಲ್ಲಿ ಒಂಬತ್ತು ಮಂದಿ ನಮ್ಮ ಕಡೆಯವರು. ಯಾದಗಿರಿ, ಸುರಪುರ, ಶಹಾಪುರದಿಂದ ಕಟ್ಟಡ ಕೆಲಸಕ್ಕೆಂದು ಬಂದು ಭೋಸರಿಯ ಸುತ್ತ ನೆಲೆಸಿದ ಮನೆತನಗಳ ಸೊಸೆಯರು. ಅವರ ಕೆಲಸ ಇನ್‌ಸ್ಪೆಕ್ಷನ್. ಎರಕದ ಕಬ್ಬಿಣದ ತುಂಡುಗಳನ್ನು ಟ್ರೇಯಿಂದ ಎತ್ತಿ, ಅಳತೆ ನೋಡಿ, ಬಿರುಕಿದ್ದದ್ದನ್ನು ಬೇರೆ ಇಡಬೇಕು. ಎಂಟು ಗಂಟೆ ನಿಂತೇ ಮಾಡುವ ಕೆಲಸ. ಕೈಜಾರಿ ಒಂದು ತುಂಡು ಪಾದದ ಮೇಲೆ ಬಿದ್ದರೆ ಬೆರಳು ಪುಡಿಯಾಗುತ್ತದೆ. ಅದಕ್ಕೇ ಸೇಫ್ಟಿ ಶೂ ಕಡ್ಡಾಯ. ಸೇಫ್ಟಿ ಶೂ ಎಂದರೆ ತುದಿಯಲ್ಲಿ, ಬೆರಳುಗಳ ಮೇಲೆ, ಉಕ್ಕಿನ ಟೋಪಿಯಿರುವ ಬೂಟು. ಹೊರಗಿನಿಂದ ಚರ್ಮ ಕಾಣುತ್ತದೆ, ಒಳಗೆ ಉಕ್ಕು.

ತರಬೇತಿ ಮೂರು ತಿಂಗಳು. ಕೊನೆಗೆ ಅಸೆಸ್‌ಮೆಂಟ್. ಒಂದು ಇಡೀ ಪಾಳಿ ಸೂಪರ್‌ವೈಸರ್ ಕಣ್ಣೆದುರು ನಿಂತು ಕೆಲಸ ಮಾಡಿ ತೋರಿಸಬೇಕು. ಪಾಸಾದವರಿಗೆ ಕಾಯಂ ಕೆಲಸ, ಇಲ್ಲದವರಿಗೆ ಗೇಟು.

ಮೊದಲನೆಯ ಫಜೀತಿ ಬೂಟಿನ ಸೈಜಿನಲ್ಲೇ ಶುರುವಾಯಿತು. ಸ್ಟೋರಿನಲ್ಲಿ ಇದ್ದದ್ದೆಲ್ಲ ಗಂಡಸರ ಬೂಟು, ಎಲ್ಲಕ್ಕಿಂತ ಸಣ್ಣದು ಆರನೇ ನಂಬರು. ನಮ್ಮ ಹುಡುಗಿಯರ ಪಾದ ನಾಲ್ಕು, ಹೆಚ್ಚೆಂದರೆ ಐದು. ಅವರು ಯಾರಿಗೂ ಹೇಳದೆ ಹಳೆ ಸೀರೆಯ ತುಂಡುಗಳನ್ನು ತುದಿಗೆ ತುರುಕಿ ಹಾಕಿಕೊಂಡು ಬಾತುಕೋಳಿಗಳ ಹಾಗೆ ನಡೆಯುತ್ತಿದ್ದರು. ನಾನು ಭೋಸರಿಯ ಒಬ್ಬ ವ್ಯಾಪಾರಿಯ ಬೆನ್ನು ಹತ್ತಿದೆ. ಅವನು, "ಬಾಯಕಾಂಚೇ ಬೂಟ್? ಕಶಾಲಾ?" ಎಂದು ನಕ್ಕ. ಹೆಂಗಸರಿಗೆ ಬೂಟು ಏತಕ್ಕೆ ಎಂದು ಅವನ ಪ್ರಶ್ನೆ. ಏತಕ್ಕೆ ಎಂದು ನಾನು ಅವನಿಗೆ ಅರ್ಧ ತಾಸು ಹೇಳಿದೆ. ಮೂರನೇ ವಾರ ನಾಲ್ಕು ಮತ್ತು ಐದನೇ ನಂಬರಿನ ಬೂಟು ಬಂದವು.

ಬೂಟು ಬಂದ ಖುಷಿಯಲ್ಲಿ ನಾನು ಶನಿವಾರ ಊಟದ ನಂತರ ಅರ್ಧ ತಾಸಿನ ಕ್ಲಾಸು ಶುರುಮಾಡಿದೆ. ಹೆಣ್ಣುಮಕ್ಕಳು ಅದಕ್ಕೆ "ಸೀರಿ ಚಪ್ಪಲಿ ಕ್ಲಾಸ್" ಎಂದು ಹೆಸರಿಟ್ಟರು. ಅವರಲ್ಲಿ ಹೆಚ್ಚಿನವರು ಹುಟ್ಟಿದಾಗಿನಿಂದ ಸೀರೆ ಉಟ್ಟವರು, ಈಗ ಒಮ್ಮೆಲೇ ಸಲ್ವಾರ್, ಮೇಲೆ ಕೋಟು, ಕಾಲಿಗೆ ಬೂಟು, ಹೆಗಲಿಗೆ ಬ್ಯಾಗು. ನಾನು ಹೇಳಿಕೊಟ್ಟದ್ದೆಲ್ಲ ಸಣ್ಣ ಸಣ್ಣ ಸಂಗತಿ. ಸೀರೆಗೆ ಪಿನ್ನು ಹಾಕುವಾಗ ಮೊದಲು ಪಿನ್ನಿಗೆ ಒಂದು ಮಣಿ ಪೋಣಿಸಿಕೊಂಡರೆ ಅದರ ಸುರುಳಿಗೆ ಸಿಕ್ಕಿ ಬಟ್ಟೆ ಹರಿಯುವುದಿಲ್ಲ. ಬ್ಯಾಗಿನ ಜಿಪ್ಪು ಬಿಗಿಯಾದರೆ ಮೇಣದಬತ್ತಿ ಉಜ್ಜಬೇಕು. ಚಪ್ಪಲಿ, ಬೂಟು ಏನೇ ಕೊಳ್ಳುವುದಿದ್ದರೂ ಸಂಜೆ ಹೋಗಬೇಕು, ಏಕೆಂದರೆ ದಿನವಿಡೀ ನಿಂತ ಕಾಲು ಸಂಜೆಗೆ ಊದಿರುತ್ತದೆ. ಎರಡೂ ಕಾಲಿಗೆ ಹಾಕಿ ನೋಡಬೇಕು, ಯಾರ ಎರಡು ಪಾದವೂ ಒಂದೇ ಅಳತೆ ಇರುವುದಿಲ್ಲ. ಒದ್ದೆ ಬೂಟನ್ನು ಒಲೆಯ ಹತ್ತಿರ ಇಟ್ಟರೆ ಚರ್ಮ ಸೆಟೆಯುತ್ತದೆ, ಒಳಗೆ ಹಳೆ ಪೇಪರು ತುಂಬಿ ನೆರಳಿನಲ್ಲಿಡಬೇಕು. ಬ್ಯಾಗಿನಲ್ಲಿ ಕೀಲಿಕೈ, ಬಸ್ ಪಾಸು, ಕುಂಕುಮದ ಡಬ್ಬಿ ಎಲ್ಲ ಕಲಸುಮೇಲೋಗರ ಆಗದಂತೆ ಹಳೆ ಕುಪ್ಪಸದ ಬಟ್ಟೆಯಲ್ಲಿ ಎರಡು ಸಣ್ಣ ಚೀಲ ಹೊಲಿದು ಒಳಗಿಟ್ಟುಕೊಳ್ಳಬೇಕು. ಯಂತ್ರದ ಹತ್ತಿರ ಹೋಗುವಾಗ ದುಪಟ್ಟಾ ಲಾಕರಿನಲ್ಲಿರಲಿ, ತಾಳಿ ಕಾಲರಿನ ಒಳಗಿರಲಿ, ಬಳೆಗಳನ್ನು ಮೇಲಕ್ಕೆ ಸರಿಸಿ ಎಲಾಸ್ಟಿಕ್ ಪಟ್ಟಿ ಹಾಕಿಕೊಳ್ಳಿ. ತಲೆಯಿಂದ ಕಾಲಿನವರೆಗೆ ಎಲ್ಲ ಹೇಳಿದ್ದೇನೆ ಎಂದು ನನಗೆ ಬಲು ಹೆಮ್ಮೆ.

ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದೆ ಕೂಡುತ್ತಿದ್ದವಳು ಮಹಾದೇವಿ. ಯಾದಗಿರಿಯ ಹತ್ತಿರದ ಹಳ್ಳಿಯವಳು, ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ಅವಳ ಗಂಡ ಪರಶುರಾಮ ವಾಕಡದಲ್ಲಿ ಏಳುತ್ತಿದ್ದ ಒಂದು ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಐದು ತಿಂಗಳಿಂದ ಮನೆಯಲ್ಲೇ. ಅವನು ಮತ್ತೆ ಗೋಡೆ ಹತ್ತುವ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ. ಮನೆ ಈಗ ಮಹಾದೇವಿಯ ಮೇಲೆ ನಿಂತಿತ್ತು. ಸಂದರ್ಶನಕ್ಕೆ ಬಂದ ದಿನ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ತಂದಿದ್ದಳು. ತಿಂಗಳಾದ ಮೇಲೆ ಒಂದು ಕಂದು ಬಣ್ಣದ ಬ್ಯಾಗು ಕೊಂಡು, ಕ್ಲಾಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಕೂಡುತ್ತಿದ್ದಳು. ಕೈ ಚುರುಕು, ಕಣ್ಣು ಅದಕ್ಕಿಂತ ಚುರುಕು. ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿಯುತ್ತಿದ್ದಳು.

ಆಗಸ್ಟ್ ಮೊದಲ ವಾರದಲ್ಲಿ ಸೂಪರ್‌ವೈಸರ್ ಜಾಧವ್ ನನ್ನ ಕೋಣೆಗೆ ಬಂದರು. "ಮ್ಯಾಡಮ್, ಹೀ ಬಾಈ ಲಂಗಡ್ತೇ," ಎಂದರು. ಈ ಹೆಂಗಸು ಕುಂಟುತ್ತಾಳೆ ಎಂದರ್ಥ. ಮಧ್ಯಾಹ್ನದ ಮೇಲೆ ಮಹಾದೇವಿ ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾಳೆ, ಟ್ರೇ ಎತ್ತುವಾಗ ಮುಖ ಕಿವುಚುತ್ತಾಳೆ, ಅಸೆಸ್‌ಮೆಂಟಿನಲ್ಲಿ ಹೀಗೇ ಮಾಡಿದರೆ ನಾನು ಪಾಸು ಎಂದು ಬರೆಯಲಾರೆ ಎಂದು ಅವರು ಹೇಳಿದರು. ಜಾಧವ್ ಕೆಟ್ಟ ಮನುಷ್ಯರಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವವರು. ಅಸೆಸ್‌ಮೆಂಟಿಗೆ ಇನ್ನು ಮೂರು ವಾರ ಇತ್ತು.

ನಾನು ಮಹಾದೇವಿಯನ್ನು ಕರೆಸಿದೆ. "ಏನಾಗ್ಯಾದ ಕಾಲಿಗೆ?"

"ಏನಿಲ್ರಿ ಅಕ್ಕಾರ, ಬೂಟ್ ಸ್ವಲ್ಪ ಕಚ್ಚತಾವ."

ಹೊಸ ಚರ್ಮ, ಕಚ್ಚದೇ ಇರುತ್ತದೆಯೇ? ನನ್ನ ಹತ್ತಿರ ಸಲಹೆಗಳ ಗಂಟೇ ಇತ್ತಲ್ಲ. ದಪ್ಪ ಕಾಲುಚೀಲ ಹಾಕು ಎಂದೆ. ಹಾಕಿದಳು. ಸಾಲದಿದ್ದರೆ ಎರಡು ಜೋಡಿ ಹಾಕು ಎಂದೆ. ಅದನ್ನೂ ಹಾಕಿದಳು. ತುದಿಗೆ ಹತ್ತಿ ಇಡು ಎಂದೆ. ಇಟ್ಟಳು. ಯಾವುದಕ್ಕೂ ಒಲ್ಲೆ ಅನ್ನಲಿಲ್ಲ, "ಹೌದ್ರಿ ಅಕ್ಕಾರ" ಎಂದು ತಲೆಯಾಡಿಸಿ ಹೋಗಿ ಚಾಚೂ ತಪ್ಪದೆ ಮಾಡುತ್ತಿದ್ದಳು. ಮಾಡಿದಷ್ಟೂ ಕುಂಟು ಹೆಚ್ಚಾಯಿತು. ಎರಡು ವಾರ ಹೀಗೇ ಹೋಯಿತು. ಅಸೆಸ್‌ಮೆಂಟಿಗೆ ಎಂಟು ದಿನ ಉಳಿದಾಗ, ಒಂದು ಗುರುವಾರ, ಲೈನಿನಲ್ಲೇ ಅವಳು ಟ್ರೇ ಕೆಳಗಿಟ್ಟು ಕುಸಿದು ಕುಳಿತಳಂತೆ. ಇಬ್ಬರು ಹಿಡಿದು ನನ್ನ ಕೋಣೆಗೆ ಕರೆತಂದರು.

"ಬೂಟು ಬಿಚ್ಚು," ಎಂದೆ.

"ಬ್ಯಾಡ್ರಿ ಅಕ್ಕಾರ, ಕಾಲ್ ಹೊಲಸ ಅದಾವ."

"ಬಿಚ್ಚತೀಯೋ ಇಲ್ಲೋ?"

ಅವಳು ಬ್ಯಾಗನ್ನು ಎದೆಗವಚಿಕೊಂಡು ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. ನೆಲದ ಮೇಲೆ ಕುಳಿತು ನಾನೇ ಲೇಸು ಬಿಚ್ಚಿದೆ. "ಅಯ್ಯ, ಅಕ್ಕಾರ, ನೀವು ನನ್ನ ಕಾಲ್ ಮುಟ್ಟಬ್ಯಾಡ್ರಿ, ಪಾಪ ಬರ್ತದ," ಎಂದು ಅವಳು ಗೋಗರೆಯುತ್ತಿದ್ದಳು. ಹೊರಗಿನ ಕಾಲುಚೀಲ ಬಂತು. ಒಳಗಿನದು ಬರಲಿಲ್ಲ, ಬೆರಳಿಗೆ ಅಂಟಿಕೊಂಡಿತ್ತು. ಬೆಚ್ಚಗಿನ ನೀರು ತರಿಸಿ ನೆನೆಸಿ ತೆಗೆದೆ.

ಎರಡನೇ ಬೆರಳಿನಲ್ಲಿ ಬೆಳ್ಳಿಯ ಕಾಲುಂಗುರ. ನಮ್ಮ ಕಡೆಯ ಹಳೆಯ ಕಾಲದ್ದು, ಮೂರು ಸುತ್ತು ಬೆಸೆದ ದಪ್ಪನೆಯ ಉಂಗುರ. ಉಕ್ಕಿನ ಟೋಪಿ ಮೇಲಿನಿಂದ ಒತ್ತಿ ಒತ್ತಿ ಅದು ಬೆರಳಿನ ಮಾಂಸದಲ್ಲಿ ಹೂತುಕೊಂಡಿತ್ತು. ಪಕ್ಕದ ಬೆರಳು ಕೊರೆದು ಕೀವಾಗಿತ್ತು. ಇನ್ನೊಂದು ಕಾಲೂ ಹೆಚ್ಚುಕಡಿಮೆ ಅದೇ ಸ್ಥಿತಿ. ನಾನು ಹೇಳಿದ ದಪ್ಪ ಕಾಲುಚೀಲ, ಹತ್ತಿ ಎಲ್ಲ ಸೇರಿ ಬೂಟಿನಲ್ಲಿದ್ದ ಒಂದಿಷ್ಟು ಜಾಗವನ್ನೂ ತುಂಬಿ, ಆ ಉಂಗುರವನ್ನು ಇನ್ನಷ್ಟು ಒಳಕ್ಕೆ ತಳ್ಳಿದ್ದವು. ನನ್ನ ಸಲಹೆಯೇ ಅವಳ ಕಾಲು ಕೊರೆದಿತ್ತು. ತಲೆಯಿಂದ ಕಾಲಿನವರೆಗೆ ಹೇಳಿದವಳು ನಾನು, ಕಾಲುಂಗುರದ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ದವಾಖಾನೆಯ ನರ್ಸು ತೊಳೆದು ಮುಲಾಮು ಹಚ್ಚಿದಳು. ಉಂಗುರ ತೆಗೆಯದೆ ಗಾಯ ಮಾಯುವುದಿಲ್ಲ, ಬೇಕಾದರೆ ಕತ್ತರಿಸಿ ಕೊಡುತ್ತೇನೆ ಎಂದಳು. ಮಹಾದೇವಿ ಎರಡೂ ಕೈಗಳಿಂದ ಪಾದ ಮುಚ್ಚಿಕೊಂಡಳು.

"ತೆಗದು ನಿನ್ನ ಬ್ಯಾಗಿನ್ಯಾಗ ಇಟ್ಕೋ. ಸಂಜಿಗೆ ಹಾಕ್ಕೊಂಡ್ರಾತು," ಎಂದೆ ನಾನು.

"ಚೀಲದಾಗ ಇಡೋ ವಸ್ತು ಅಲ್ರೀ ಅದು. ಅವರು ಇನ್ನಾ ಎದ್ದು ನಿಂತಿಲ್ಲ. ಇಂಥಾದ್ರಾಗ ನಾ ಕಾಲುಂಗುರ ತಗದ್ರ..."

ನನ್ನ ಬಾಯಿ ಜೋರು ಎಂದೆನಲ್ಲ. "ಕಾಲುಂಗುರ ಉಳಿಸ್ಕೊಂಡು ಕೆಲಸ ಕಳ್ಕೋತಿಯೇನು? ಆಮ್ಯಾಗ ಅವರಿಗೆ ಉಣಸೋರು ಯಾರು?" ಎಂದುಬಿಟ್ಟೆ. ಅವಳ ಕಣ್ಣೀರು ಬ್ಯಾಗಿನ ಮೇಲೆ ಬಿತ್ತು, ಅದನ್ನು ಸೆರಗಿಲ್ಲದ ಕೋಟಿನ ತುದಿಯಿಂದ ಒರೆಸಿದಳು. ನಾನು ಹಾಗೆ ಅನ್ನಬಾರದಿತ್ತು. ಇವತ್ತಿಗೂ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಅಂದು ಸಂಜೆ ಕೋಣೆಯಲ್ಲಿ ಕುಳಿತಾಗ ನನ್ನ ಕಣ್ಣು ನನ್ನದೇ ಕಾಲಿನ ಮೇಲೆ ಬಿತ್ತು. ನನಗೂ ಕಾಲುಂಗುರ ಇದ್ದವು, ತೆಳ್ಳಗಿನವು, ಹದಿನೆಂಟು ವರ್ಷದಿಂದ. ಮತ್ತು ನನ್ನ ಕಾಲಿನಲ್ಲಿ ಸ್ಯಾಂಡಲ್! ಶಾಪ್ ಫ್ಲೋರಿನಲ್ಲಿ ಒಂದು ಹಳದಿ ಗೆರೆ ಇರುತ್ತದೆ. ಅದರ ಹೊರಗೆ ನಡೆಯುವ ಅಧಿಕಾರಿಗಳಿಗೆ ನಮ್ಮಲ್ಲಿ ಬೂಟು ಬೇಕಿರಲಿಲ್ಲ. ಬೂಟಿನ ಬಗ್ಗೆ ಅಷ್ಟು ಕ್ಲಾಸು ತೆಗೆದುಕೊಂಡ ನಾನು ಒಂದು ದಿನವೂ ಸೇಫ್ಟಿ ಶೂ ಹಾಕಿರಲಿಲ್ಲ.

ಮರುದಿನ, ಶುಕ್ರವಾರ, ಸ್ಟೋರಿನಿಂದ ಐದನೇ ನಂಬರಿನ ಜೋಡಿ ತರಿಸಿ, ಕಾಲುಂಗುರ ಸಮೇತ ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೆ ಇನ್‌ಸ್ಪೆಕ್ಷನ್ ಲೈನಿನಲ್ಲಿ ನಿಂತೆ. ಹನ್ನೊಂದಕ್ಕೆ ಬೆರಳು ಉರಿಯತೊಡಗಿತು. ಒಂದಕ್ಕೆ ಜಾಧವ್ ನನ್ನನ್ನು ನೋಡಿ ಹೇಳಬೇಕೋ ಬೇಡವೋ ಎಂದು ತಡವರಿಸಿದರು. ನಾನೇ ಹೇಳಿದೆ, "ಹೌದ್ರಿ, ನಾನೂ ಕುಂಟಾಕತ್ತೀನಿ." ಊಟದ ಹೊತ್ತಿಗೆ ಉಳಿದ ಹೆಣ್ಣುಮಕ್ಕಳು ನನ್ನ ಸುತ್ತ ನೆರೆದರು, ಆಗ ಒಂದೊಂದೇ ಗುಟ್ಟು ಹೊರಬಂತು. ಮದುವೆಯಾದವರಲ್ಲಿ ಕೆಲವರ ಉಂಗುರ ನನ್ನದರಂತೆ ತೆಳ್ಳಗಿದ್ದವು, ಸುತ್ತ ಪಟ್ಟಿ ಹಾಕಿಕೊಂಡು ತಡೆದುಕೊಂಡಿದ್ದರು. ನಾಲ್ವರು ಬಸ್ಸಿನಲ್ಲಿ ತೆಗೆದು, ಸಂಜೆ ಬಸ್ಸಿನಲ್ಲೇ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು, ಅತ್ತೆಯರಿಗೆ ಗೊತ್ತಿಲ್ಲದಂತೆ. ನನಗೆ ಯಾಕೆ ಹೇಳಲಿಲ್ಲ ಎಂದರೆ, "ನೀವು ಬೈತೀರಿ ಅಂತ್ರಿ," ಎಂದರು. ತಪ್ಪೇನು ಹೇಳಿದರು? ಬೈಯುತ್ತಿದ್ದೆ.

ಆ ಸಂಜೆ ಮನೆಯಲ್ಲಿ ಕಾಲು ತೊಳೆದು, ಉಂಗುರ ತೆಗೆಯೋಣ ಎಂದು ಕೈ ಹಾಕಿದೆ. ನನ್ನವರು ಗಟ್ಟಿಮುಟ್ಟಾಗಿ ಪಕ್ಕದ ಕೋಣೆಯಲ್ಲಿ ಟಿ.ವಿ. ನೋಡುತ್ತಾ ಕುಳಿತಿದ್ದರು. ನಾನು ಓದಿದವಳು, ಶಕುನಗಿಕುನ ನಂಬುವವಳಲ್ಲ. ಆದರೂ ಕೈ ಬರಲಿಲ್ಲ. ಹಾಗೇ ಕುಳಿತುಬಿಟ್ಟೆ. ನನಗೇ ಹೀಗಾದರೆ, ಗಂಡ ಹಾಸಿಗೆಯಲ್ಲಿರುವ ಆ ಹುಡುಗಿಗೆ ಹೇಗಾಗಿರಬೇಡ! "ಬ್ಯಾಗಿನ್ಯಾಗ ಇಟ್ಕೋ" ಎಂದು ಎಷ್ಟು ಸಲೀಸಾಗಿ ಹೇಳಿದ್ದೆ.

ಭಾನುವಾರ ಭೋಸರಿಗೆ ಅವಳ ಮನೆ ಹುಡುಕಿಕೊಂಡು ಹೋದೆ. ತಗಡಿನ ಮಾಡಿನ ಒಂದು ಕೋಣೆ, ಬಾಗಿಲ ಮುಂದೆ ಅಚ್ಚುಕಟ್ಟಾಗಿ ಸಾರಿಸಿದ ಜಾಗ. ಪರಶುರಾಮ ಗೋಡೆಗೆ ಒರಗಿ ಕುಳಿತಿದ್ದ, ಪಕ್ಕದಲ್ಲಿ ಎರಡು ಊರುಗೋಲು. "ಬರ್ರಿ ಅಕ್ಕಾರ, ಕೂಡ್ರಿ," ಎಂದು ಏಳಲು ಹೋದ. ನಾನು ತಡೆದೆ. ಮಹಾದೇವಿ ಚಹಾಕ್ಕೆ ಇಟ್ಟು, ನನ್ನ ಕಡೆ ನೋಡಿ ಬೇಡ ಎನ್ನುವಂತೆ ಕಣ್ಣಲ್ಲೇ ಬೇಡಿಕೊಂಡಳು. ಅವನಿಗೆ ಅವಳು ಹೇಳಿದ್ದು ಬೂಟು ಕಚ್ಚಿದೆ ಎಂದಷ್ಟೇ.

ನಾನು ಎಲ್ಲ ಹೇಳಿದೆ. ನನ್ನ ಸಲಹೆಯಿಂದ ಗಾಯ ಹೆಚ್ಚಾಯಿತು ಎಂಬುದನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಲಗ್ನದಾಗ ಇವನ್ನ ಹಾಕಿದವರು ಯಾರು?"

"ನೀವ," ಎಂದಳು.

"ನಾ ಹಾಕೀನಿ, ನಾನ ತೆಗೀತೀನಿ. ಅದ್ರಾಗ ಕೆಟ್ಟದ್ದು ಏನದ? ಬಾ, ಕೂಡು ಇಲ್ಲಿ."

ಅವಳು ಗೋಡೆಗೆ ಅಂಟಿಕೊಂಡು ನಿಂತಳು. "ನಿಮ್ಮ ಕಾಲಿಗಿ ಏನರ ಆದ್ರ?"

"ನನ್ನ ಕಾಲಿಗಿ ಆಗೋದು ಆಗಿ ಹೋಗ್ಯಾದ. ಇನ್ನ ಈ ಮನಿಗಿ ಉಳಿದಾವು ಎರಡ ಕಾಲು, ನಿನ್ನವು. ಅವನ್ನೂ ಕೆಡಸ್ಕೋಬ್ಯಾಡ."

ಮಹಾದೇವಿ ಬಂದು ಅವನೆದುರು ಕುಳಿತಳು. ಅವನು ಅವಳ ಪಾದವನ್ನು ತನ್ನ ಒಳ್ಳೆಯ ತೊಡೆಯ ಮೇಲೆ ಇಟ್ಟುಕೊಂಡ. ಉಂಗುರ ಅಲುಗಲಿಲ್ಲ, ಬೆರಳು ಅಷ್ಟು ಊದಿತ್ತು. ಆಗ ನನ್ನ ಗಂಟಿನಲ್ಲಿ ಉಳಿದಿದ್ದ ಒಂದು ಉಪಾಯ ಕೆಲಸಕ್ಕೆ ಬಂತು. ಹೊಲಿಗೆಯ ದಾರದ ಒಂದು ತುದಿಯನ್ನು ಸೂಜಿಯ ಹಿಂಬದಿಯಿಂದ ಉಂಗುರದ ಕೆಳಗೆ ತೂರಿಸಿ, ಉಳಿದ ದಾರವನ್ನು ಉಂಗುರದಿಂದ ಬೆರಳಿನ ತುದಿಯವರೆಗೆ ಒತ್ತೊತ್ತಾಗಿ ಸುತ್ತಬೇಕು, ಊತ ತಗ್ಗುವ ಹಾಗೆ. ಸ್ವಲ್ಪ ಸಾಬೂನು ನೀರು ಹಾಕಿ ಉಂಗುರದಡಿ ತೂರಿಸಿದ ತುದಿಯಿಂದ ದಾರ ಬಿಚ್ಚುತ್ತ ಬಂದರೆ ಉಂಗುರವೂ ಅದರ ಜೊತೆಗೆ ಜರುಗುತ್ತದೆ. ನಾನು ಬಾಯಲ್ಲಿ ಹೇಳಿದೆ, ಅವನು ಕೈಯಲ್ಲಿ ಮಾಡಿದ. ಗಾರೆ ಕೆಲಸದ ಒರಟು ಕೈ, ಆದರೆ ದಾರವನ್ನು ಎಷ್ಟು ನಾಜೂಕಾಗಿ ಬಿಚ್ಚಿದನೆಂದರೆ ಅವಳು ಒಮ್ಮೆ ಮಾತ್ರ ತುಟಿ ಕಚ್ಚಿದಳು. ಎರಡೂ ಉಂಗುರ ಬಂದವು. ಅವನು ಅವನ್ನು ತೊಳೆದು, ಕಣ್ಣಿಗೊತ್ತಿಕೊಂಡು, ಅಂಗಿಯ ಎದೆಜೇಬಿನಲ್ಲಿ ಹಾಕಿ ಗುಂಡಿ ಹಾಕಿದ. "ನನ್ನ ಹತ್ರ ಇರ್ತಾವ. ಯಾವಾಗ ಬೇಕು ಆವಾಗ ಕೇಳು," ಎಂದ.

ಸೋಮವಾರದಿಂದ ನಾಲ್ಕು ದಿನ ಮಹಾದೇವಿಯನ್ನು ಸ್ಟೋರಿನಲ್ಲಿ ಕೂರಿಸಿ ಚೀಟಿ ಅಂಟಿಸುವ ಕೆಲಸ ಕೊಡಿಸಿದೆ, ಚಪ್ಪಲಿಯಲ್ಲೇ. ಜಾಧವ್ ಚಕಾರ ಎತ್ತಲಿಲ್ಲ. ಗುರುವಾರ ನರ್ಸು ಗಾಯ ಒಣಗಿದೆ ಎಂದಳು. ಶುಕ್ರವಾರ ಅಸೆಸ್‌ಮೆಂಟ್. ಒಂದು ಜೋಡಿ ತೆಳ್ಳನೆಯ ನೂಲಿನ ಕಾಲುಚೀಲ, ನಾಲ್ಕನೇ ನಂಬರಿನ ಬೂಟು, ಬೆರಳಿಗೆ ಸಣ್ಣದೊಂದು ಪಟ್ಟಿ. ನಾನು ಗಾಜಿನ ಗೋಡೆಯ ಆಚೆಯಿಂದ ನೋಡುತ್ತಿದ್ದೆ. ಬೆಳಿಗ್ಗೆ ಒಂದೆರಡು ಸಲ ಹಳೆಯ ಅಭ್ಯಾಸಕ್ಕೆ ಕಾಲು ಎತ್ತಿ ಹಿಡಿದಳು, ಆಮೇಲೆ ಮರೆತಳು. ಮಧ್ಯಾಹ್ನ ಮೂರಕ್ಕೆ, ಬೇರೆಯವರು ಬಿಟ್ಟುಬಿಟ್ಟಿದ್ದ ಒಂದು ಬಿರುಕು ತುಂಡನ್ನು ಟ್ರೇಯಿಂದ ಎತ್ತಿ ಪಕ್ಕಕ್ಕೆ ಇಟ್ಟಳು. ಪಾಳಿ ಮುಗಿದಾಗ ಜಾಧವ್ ನನ್ನ ಮುಂದೆ ಕಾಗದ ಹಿಡಿದರು. ಪಾಸು. ಕೆಳಗೆ ಮರಾಠಿಯಲ್ಲಿ ಒಂದು ಸಾಲು: ನಿಲುವು ಚೆನ್ನಾಗಿದೆ.

ಸಂಜೆ ನಾನು ಹೆಣ್ಣುಮಕ್ಕಳ ಜೊತೆ ಕಂಪನಿಯ ಬಸ್ಸಿನಲ್ಲೇ ಹೊರಟೆ. ಭೋಸರಿಯ ಸ್ಟಾಪಿನಲ್ಲಿ ಪರಶುರಾಮ ಎರಡು ಊರುಗೋಲು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಮನೆಯಿಂದ ಅಲ್ಲಿಗೆ ಅರ್ಧ ಕಿಲೋಮೀಟರ್; ಬಿದ್ದ ಮೇಲೆ ಅಷ್ಟು ದೂರ ಬಂದದ್ದು ಅದೇ ಮೊದಲು. ಮಹಾದೇವಿ ಇಳಿದು ಬರೀ ತಲೆಯಾಡಿಸಿದಳು. ಅವನು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತು, ಎದೆಜೇಬಿನ ಗುಂಡಿ ಬಿಚ್ಚಿದ. ಬಸ್ಸು ಹೊರಡಲಿಲ್ಲ, ಡ್ರೈವರ್ ಗೇರು ಹಾಕುವುದನ್ನೇ ಮರೆತಿದ್ದ. ಅವಳು ನಾಚಿಕೊಂಡು ಪಾದ ಮುಂದಿಟ್ಟಳು, ಅವನು ಒಂದೊಂದಾಗಿ ತೊಡಿಸಿದ, ಗಾಯಕ್ಕೆ ತಗಲದಂತೆ ಸಡಿಲವಾಗಿ, ನಾಲ್ಕನೇ ಬೆರಳಿಗೆ. ಕಿಟಕಿಗಳಿಂದ ಇಪ್ಪತ್ತು ತಲೆ ಹೊರಗಿದ್ದವು. ಆಮೇಲೆ ಹಿಂದಿನ ಸೀಟಿನಿಂದ ಒಬ್ಬಳು, "ಅಕ್ಕಾರ, ನಮ್ಮ ಮನಿಯವರಿಗೂ ಈ ಕ್ಲಾಸ್ ತಗೋರಿ," ಎಂದು ಕೂಗಿದಳು. ಇಡೀ ಬಸ್ಸು ನಕ್ಕಿತು. ನನಗೆ ನಗುವೂ ಬಂತು, ಅಳುವೂ ಬಂತು.

ಆ ಶನಿವಾರದಿಂದ ನನ್ನ ಕ್ಲಾಸಿನ ರೀತಿ ಬದಲಾಯಿತು. ಮೊದಲು ಎಲ್ಲರೂ ಬೂಟು ಬಿಚ್ಚಿ ಕೂಡಬೇಕು, ನಾನೂ ಸಹ. ಕಾಲು ನೋಡಿದ ಮೇಲೆ ಮಾತು. ಎಲ್ಲಿ ಒತ್ತುತ್ತದೆ, ಯಾಕೆ ಒತ್ತುತ್ತದೆ, ಒತ್ತುವುದನ್ನು ಯಾಕೆ ತೆಗೆಯಲಾಗುವುದಿಲ್ಲ ಎಂದು ಅವರು ಹೇಳಬೇಕು, ನಾನು ಕೇಳಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ: ನಾವು ಕೊಡುವ ಸಲಹೆ ಎಷ್ಟೇ ಒಳ್ಳೆಯದಿರಲಿ, ಅದು ಯಾರ ಬೆರಳಿನ ಮೇಲೆ ಹೋಗಿ ಕೂಡುತ್ತದೆ ಎಂದು ನೋಡದೆ ಕೊಡಬಾರದು.

ಇನ್ನೊಂದನ್ನೂ ಕಲಿತೆ. ಸೋಮವಾರದಿಂದ ನಾನೂ ಫ್ಲೋರಿಗೆ ಸೇಫ್ಟಿ ಶೂ ಹಾಕಿಕೊಂಡೇ ಹೋಗತೊಡಗಿದೆ. ಮೊದಲನೆಯ ಬೆಳಿಗ್ಗೆ ನನ್ನವರ ಮುಂದೆ ಕಾಲು ಚಾಚಿ ಕುಳಿತೆ. "ಆಫೀಸಿಗೆ ಹೊತ್ತಾತು, ಏನಿದು ಹೊಸಾ ನಾಟಕ?" ಎಂದು ಗೊಣಗಿದರು, ಆದರೆ ಉಂಗುರ ತೆಗೆದು ಜೇಬಿನಲ್ಲಿಟ್ಟುಕೊಂಡರು. ಸಂಜೆ ತೊಡಿಸಿದರು. ಏಳು ವರ್ಷ, ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ, ಇದೊಂದು ತಪ್ಪಲಿಲ್ಲ. ೨೦೦೯ರಲ್ಲಿ ನಾನು ನಿವೃತ್ತಳಾದ ದಿನ ಲೈನ್ ಲೀಡರ್ ಆಗಿದ್ದ ಮಹಾದೇವಿ ಇನ್ನು ಕ್ಲಾಸು ತನ್ನದೆಂದು ಆ ಕೋಣೆಯ ಕೀಲಿಕೈ ಇಸಿದುಕೊಂಡು, ಬಸ್ಸಿನವರೆಗೆ ಬಂದು ಬೀಳ್ಕೊಟ್ಟಳು. ಮನೆಗೆ ಬಂದು ಕುಳಿತಾಗ ನನ್ನವರು ಎಂದಿನಂತೆ ಉಂಗುರ ತೊಡಿಸಿದರು. ಆಮೇಲೆ ಖಾಲಿಯಾದ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ನಾಳಿಂದ ನಂದೂ ಡ್ಯೂಟಿ ಮುಗೀತೇನು?" ಎಂದು ಕೇಳಿದರು. ಅವರ ದನಿ ಸಣ್ಣಗಾಗಿತ್ತು.

ಇಲ್ಲ ಎಂದೆ. ಮರುದಿನ ಬೆಳಿಗ್ಗೆ ಎಲ್ಲಿಗೂ ಹೋಗುವುದಿರಲಿಲ್ಲ, ಆದರೂ ಅವರ ಮುಂದೆ ಕಾಲು ಚಾಚಿದೆ.